ಇಂದುಮತಿಗೆ ಆಗದ್ದು

ನಮ್ಮ ನಾದಿನಿ ಇಂದುಮತಿಗೆ ನಲವತ್ತು ದಾಟಿದರೂ ಒಂದು ಸಲವೂ ರಕ್ತ ಒಡೆದಿರಲಿಲ್ಲ. ನಮ್ಮೂರಿನಲ್ಲಿ ಇದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಸಂಗತಿಯಲ್ಲ. ಹುಳಿ ಬಿದ್ದರೆ ಹಾಲು ಒಡೆಯುವ ಹಾಗೆ ಇಲ್ಲಿಯವರ ರಕ್ತ ಒಡೆಯುತ್ತದೆ, ಒಬ್ಬೊಬ್ಬರದು ಒಂದೊಂದಕ್ಕೆ. ಯಾರದು ಯಾವುದಕ್ಕೆ ಎನ್ನುವುದು ತಿಂದು, ಮುಟ್ಟಿ, ಮೂಸಿ ತಾನಾಗಿ ಗೊತ್ತಾಗಬೇಕು. ಗೊತ್ತಾದಾಗ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಡಾಕ್ಟರು ಬಂದು ರೆಪ್ಪೆ ಎಳೆದು ನೋಡಿ, ಕೆಂಪು ಕಣ ಒಡೆದಿವೆ, ಹೊಸವು ಹುಟ್ಟುವವರೆಗೆ ಮಲಗಿರಲಿ ಎನ್ನುತ್ತಾರೆ. ಮನೆಯವರು ಬೀದಿಗೆಲ್ಲ ಬೆಲ್ಲ ಹಂಚುತ್ತಾರೆ. ಅಂದಿನಿಂದ ಆ ಪದಾರ್ಥ ಆ ಮನುಷ್ಯನ ‘ಆಗದ್ದು’.

ಹೊರಗಿನವರಿಗೆ ಇದು ರೋಗದಂತೆ ಕಾಣಬಹುದು. ನಮಗೆ ಇದು ಮನುಷ್ಯನಿಗೆ ಎತ್ತರ, ಬಣ್ಣ ಇದ್ದ ಹಾಗೆ. ದಾರಿಯಲ್ಲಿ ಎದುರಾದವರು ‘ಕಣ್ಣು ಬೆಳ್ಳಗಿದೆಯಾ?’ ಎಂದು ವಿಚಾರಿಸುತ್ತಾರೆ, ದೊಡ್ಡವರು ‘ಕಣ್ಣು ಬೆಳ್ಳಗಿರಲಿ’ ಎಂದು ಹರಸುತ್ತಾರೆ. ಹೂವಿನ ಬುಟ್ಟಿ ಒಳಗೆ ಬಿಡುವ ಮೊದಲು ಬಸ್ಸಿನ ಕಂಡಕ್ಟರು ‘ಮಲ್ಲಿಗೆ ಆಗದೋರು ಯಾರಾದ್ರೂ ಇದೀರಾ?’ ಎಂದು ಕೂಗುತ್ತಾನೆ. ಯಾರಾದರೂ ಕೈ ಎತ್ತಿದರೆ ಬುಟ್ಟಿ ಬಸ್ಸಿನ ನೆತ್ತಿಗೆ ಹೋಗುತ್ತದೆ, ಹೂವಿನವಳು ಗೊಣಗುವುದಿಲ್ಲ. ಒಂದೇ ಹೆಸರಿನವರು ಇಬ್ಬರಿದ್ದರೆ ಒಬ್ಬ ಮೆಂತ್ಯದ ಗಂಗಣ್ಣ, ಇನ್ನೊಬ್ಬ ಕರ್ಪೂರದ ಗಂಗಣ್ಣ. ಕರ್ಪೂರದ ಗಂಗಣ್ಣ ದೇವಸ್ಥಾನದ ಹೊರಗೇ ನಿಂತು ಕೈಮುಗಿಯುತ್ತಾನೆ, ಪೂಜಾರಿ ತೀರ್ಥವನ್ನು ಅವನಿದ್ದಲ್ಲಿಗೇ ತಂದುಕೊಡುತ್ತಾರೆ.

ನಮ್ಮ ಮನೆಯದನ್ನೇ ಹೇಳುತ್ತೇನೆ. ನಮ್ಮತ್ತೆಗೆ ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ಆಗದು. ಹಾಗಾಗಿ ನಮ್ಮ ರೇಷ್ಮೆ ಸೀರೆಗಳನ್ನೆಲ್ಲ ನಮಗಿಂತ ಹೆಚ್ಚು ಅನುಭವಿಸಿದ್ದು ನುಸಿಗಳು. ನಮ್ಮ ಯಜಮಾನರಿಗೆ ಹಾಗಲಕಾಯಿ ಆಗದು. ಚಿಕ್ಕಂದಿನಿಂದಲೂ ಅವರು ಹಾಗಲಕಾಯಿ ಕಂಡರೆ ಮುಖ ಸಿಂಡರಿಸುತ್ತಿದ್ದರಂತೆ, ಅದಕ್ಕೇ ಒಡೆಯಿತೆಂದರೆ ದೇವರಿಗೆ ಅವರ ಮೇಲೆ ಎಷ್ಟು ಪ್ರೀತಿ ಇರಬೇಕು ಎಂದು ನಾನು ಈಗಲೂ ಹಂಗಿಸುತ್ತೇನೆ. ನನಗೆ ಕಡಲೆಕಾಯಿ. ಮಗಳು ಹೇಮಳಿಗೆ ಸಂಪಿಗೆ ಹೂವು. ಒಬ್ಬರಿಗೆ ಆಗದ್ದನ್ನು ಮನೆಯವರೆಲ್ಲ ಬಿಡುವುದು ಇಲ್ಲಿಯ ಪದ್ಧತಿ. ಇಂದುಮತಿ, ಅಂದರೆ ನಮ್ಮ ಇಂದು, ನನಗಾಗಿ ಕಡಲೆಕಾಯಿ ಬಿಟ್ಟಳು, ಅಣ್ಣನಿಗಾಗಿ ಹಾಗಲಕಾಯಿ, ಹೇಮಳಿಗಾಗಿ ಸಂಪಿಗೆ. ಅವಳಿಗಾಗಿ ನಾವು ಬಿಟ್ಟಿದ್ದು ಏನೂ ಇರಲಿಲ್ಲ.

ಮದುವೆಯಲ್ಲಿ ನಮ್ಮವರು ತಾಳಿಗಿಂತ ಮೊದಲು ಒಂದು ಮಾತು ಆಡಿಸುತ್ತಾರೆ. ಗಂಡು ಹೆಣ್ಣಿನ ಕೈ ಹಿಡಿದು, ಅವಳ ಆಗದ್ದನ್ನು ಹೆಸರು ಹಿಡಿದು ಹೇಳಿ, ‘ಇದು ನನ್ನ ಹೊಸ್ತಿಲು ದಾಟದು’ ಎನ್ನಬೇಕು. ಆಮೇಲೆ ಹೆಣ್ಣೂ ಹಾಗೆಯೇ ಹೇಳಬೇಕು. ನಮ್ಮ ಯಜಮಾನರು ‘ಕಡಲೆಕಾಯಿ’ ಎನ್ನುವಾಗ ಗಂಟಲು ಕಟ್ಟಿತ್ತು. ನನ್ನ ಮೇಲಿನ ಪ್ರೀತಿಗೆ ಅಂದುಕೊಂಡಿದ್ದೆ, ಕಡಲೆಕಾಯಿಯ ಮೇಲಿನ ಪ್ರೀತಿಗೆ ಎಂದು ಆಮೇಲೆ ತಿಳಿಯಿತು. ಆದರೂ ಬಿಟ್ಟರು. ಈ ಮಾತು ಆಡದೆ ಮದುವೆ ಮದುವೆಯಲ್ಲ. ರಕ್ತವೇ ಒಡೆಯದ ಹುಡುಗಿಯ ಕೈ ಹಿಡಿದು ಗಂಡು ಏನೆಂದು ಹೇಳಬೇಕು? ಇಂದುವಿನ ಮದುವೆ ನಿಂತಿದ್ದೇ ಅಲ್ಲಿ.

ನಮ್ಮತ್ತೆ ಹುಡುಕದ ಪದಾರ್ಥವಿರಲಿಲ್ಲ. ಮಗಳನ್ನು ಸಂತೆಗೆ ಕರೆದುಕೊಂಡು ಹೋಗಿ ಇಂಗು ಮೂಸಿಸಿದರು, ಎಕ್ಕದ ಹೂವು ಮುಟ್ಟಿಸಿದರು, ಅಂಟುವಾಳ, ಬಜೆ, ಜಾಯಿಕಾಯಿ, ಸೀಮೆಎಣ್ಣೆ ಯಾವುದನ್ನೂ ಬಿಡಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಕಿಟಕಿಯ ಬಳಿಗೆ ಎಳೆದುಕೊಂಡು ಹೋಗಿ ಕಣ್ಣು ನೋಡುವರು. ಕಣ್ಣು ಬೆಳ್ಳಗೇ ಇರುತ್ತಿತ್ತು. ಇಂದು ಮಾತ್ರ ಸಂತೆಯ ತಿಂಡಿಯನ್ನೆಲ್ಲ ತಿಂದು ಗುಂಡಗಾದಳು. ಒಮ್ಮೆ ಗಂಡಿನ ಕಡೆಯವರು ಬಂದಾಗ ನಮ್ಮತ್ತೆ ಧೈರ್ಯ ಮಾಡಿ, ನಮ್ಮ ಹುಡುಗಿಗೆ ಬದನೆಕಾಯಿ ಆಗದು ಎಂದುಬಿಟ್ಟರು. ಇಂದು ತಲೆ ಎತ್ತಿ ಹುಡುಗನನ್ನೇ ಕೇಳಿದಳು.

“ನಿಮಗೆ ಬದನೆಕಾಯಿ ಇಷ್ಟಾನಾ?”

“ಪ್ರಾಣ. ಆದ್ರೆ ಪರವಾಗಿಲ್ಲ, ಬಿಡ್ತೀನಿ,” ಎಂದ ಆ ಪುಣ್ಯಾತ್ಮ.

“ಬಿಡ್ಬೇಡಿ. ಅಮ್ಮ ಸುಳ್ಳು ಹೇಳ್ತಿದಾರೆ,” ಎಂದು ತಟ್ಟೆ ಎತ್ತಿಕೊಂಡು ಒಳಗೆ ಬಂದಳು. ನಮ್ಮತ್ತೆ ಎಷ್ಟೋ ದಿನ ಅವಳ ಜೊತೆ ಮಾತು ಬಿಟ್ಟಿದ್ದರು. ನನಗೆ ಅವಳ ಮೇಲೆ ಮೊದಲ ಸಲ ನಿಜವಾದ ಅಕ್ಕರೆ ಹುಟ್ಟಿದ್ದು ಆ ದಿನ.

ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ. ಆದರೆ ಊರಿಗೆ ಅವಳಿಲ್ಲದೆ ಕೆಲಸ ನಡೆಯುತ್ತಿರಲಿಲ್ಲ. ಎಲ್ಲವೂ ಆಗುವವಳು ಊರಿಗೆ ಇವಳೊಬ್ಬಳೇ. ಬೇವು ಆಗದವರ ಅಂಗಳಕ್ಕೆ ಬೇವಿನ ಟೊಂಗೆ ಮುರಿದುಬಿದ್ದರೆ ಇಂದುವನ್ನು ಕರೆಯುತ್ತಿದ್ದರು. ಮದುವೆಯ ದಿನಸಿ ಬಂದರೆ ಮೂಟೆ ಬಿಚ್ಚಿ ಬೇರ್ಪಡಿಸುವುದಕ್ಕೆ ಛತ್ರದಿಂದ ಇಂದುವಿಗೆ ಕರೆ ಬರುತ್ತಿತ್ತು. ಎಲ್ಲರೂ ಅವಳನ್ನು ಮೆಚ್ಚುತ್ತಿದ್ದರು. ಒಬ್ಬರೂ ‘ಅಯ್ಯೋ, ಇವಳಿಗೊಂದು ಮನೆ ಆಗಲಿಲ್ಲವಲ್ಲ’ ಎಂದು ಮರುಗಿದ್ದನ್ನು ನಾನು ಕೇಳಲಿಲ್ಲ. ಅವಳ ಆಗದ್ದು ಸಿಗದಿರುವುದೇ ಊರಿಗೆ ಅನುಕೂಲವಾಗಿತ್ತೆಂದು ನನಗೆ ಒಳಗೊಳಗೇ ಸಿಟ್ಟು.

ಛತ್ರವನ್ನು ನೋಡಿಕೊಳ್ಳುತ್ತಿದ್ದವರು ಪುಟ್ಟಸ್ವಾಮಿ. ಛತ್ರದ ಹಿಂದೆಯೇ ಅವರ ಮನೆ, ಮನೆಯ ಸುತ್ತ ಅವರಮ್ಮ ನೆಟ್ಟ ಗೋರಂಟಿಯ ಬೇಲಿ. ಊರಿನ ಮದುವಣಗಿತ್ತಿಯರ ಕೈಗೆಲ್ಲ ಸೊಪ್ಪು ಹೋಗುತ್ತಿದ್ದದ್ದು ಅಲ್ಲಿಂದಲೇ. ನಮ್ಮಲ್ಲಿ ಗೋರಂಟಿ ಮದುವಣಗಿತ್ತಿಗೆ ಮಾತ್ರ. ಮದುವೆಗೆ ಮುಂಚೆ ಮುಟ್ಟಿದರೆ ಮದುವೆಯ ದಿನ ಬಣ್ಣ ಹತ್ತುವುದಿಲ್ಲ ಎಂದು ಹುಡುಗಿಯರನ್ನು ಹೆದರಿಸಿ ಇಟ್ಟಿರುತ್ತಾರೆ. ಪುಟ್ಟಸ್ವಾಮಿಯವರ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಮಿತಭಾಷಿ. ಛತ್ರದ ದಿನಸಿ ಬೇರ್ಪಡಿಸಲು ಹೋಗುತ್ತಿದ್ದ ಇಂದು ಮನೆಗೆ ಬಂದು ಅವರ ಮಾತನ್ನು ಹೇಳುವುದು ಹೆಚ್ಚಾದಾಗ ನನಗೆ ಅನುಮಾನ ಬಂತು.

“ಅತ್ತಿಗೆ, ಇವತ್ತು ಅಡುಗೆ ಭಟ್ಟರು ಕಾಫಿ ಕೊಟ್ರು. ಅವರು ಬೇಡ ಅಂದ್ರು. ಯಾಕೆ, ನಿಮಗೆ ಆಗಲ್ವಾ ಅಂದೆ. ನನಗೆ ಎಳ್ಳು ಆಗಲ್ಲ, ಕಾಫಿ ನಮ್ಮನೆಯವಳಿಗೆ ಆಗ್ತಿರಲಿಲ್ಲ ಅಂದ್ರು.”

“ಆಕೆ ಹೋಗಿ ಯಾವ ಕಾಲ ಆಯ್ತು?”

“ಅದನ್ನೇ ನಾನೂ ಕೇಳ್ದೆ. ಅವಳು ಹೋದ್ಲು ಅಂತ ಮಾತೂ ಹೋಗುತ್ತಾ ಅಂದ್ರು,” ಎಂದು ಹೇಳಿ ಇಂದು ಮತ್ತೆ ಅಕ್ಕಿ ಆರಿಸತೊಡಗಿದಳು. ಕಲ್ಲು ಇಲ್ಲದ ಅಕ್ಕಿಯನ್ನೇ ಅವಳು ಆಗಿನಿಂದ ಆರಿಸುತ್ತಿದ್ದಳು. ನಾನು ನಕ್ಕೆ. ಅವಳು ಮೊರ ಎತ್ತಿಕೊಂಡು ಹಿತ್ತಿಲಿಗೆ ಹೋದಳು.

ಪುಟ್ಟಸ್ವಾಮಿ ಕೇಳಿಕೊಂಡು ಬಂದದ್ದು ಮಾವಿನ ಕಾಲದಲ್ಲಿ, ಒಬ್ಬರೇ. ನಮ್ಮ ಯಜಮಾನರಿಗೆ ಸಂತೋಷ ತಡೆಯಲಾಗಲಿಲ್ಲ. ಆದರೆ ಛತ್ರದ ಹಿರಿಯರಾದ ಮೆಂತ್ಯದ ಗಂಗಣ್ಣನವರನ್ನು ಕೇಳದೆ ನಮ್ಮಲ್ಲಿ ಮದುವೆಯ ಮಾತು ಮುಂದುವರಿಯುವುದಿಲ್ಲ. ಅವರು ಬಂದು ಜಗಲಿಯ ಮೇಲೆ ಕೂತರು.

“ಅಲ್ಲಯ್ಯ ಪುಟ್ಟಸ್ವಾಮಿ, ಧಾರೆ ಹೊತ್ತಲ್ಲಿ ಅವಳ ಕೈ ಹಿಡ್ಕೊಂಡು ಏನು ಅಂತ ಹೇಳ್ತೀಯ?”

“ಯಾವುದು ಆಗಲ್ವೋ ಅದು ನನ್ನ ಹೊಸ್ತಿಲು ದಾಟದು ಅಂತೀನಿ.”

“ಹೆಸರಿಲ್ದೆ? ನಾಳೆ ಅವಳಿಗೆ ಅನ್ನವೇ ಆಗಲ್ಲ ಅಂದ್ರೆ?”

“ಮುದ್ದೆ ಉಣ್ತೀನಿ.”

“ಮುದ್ದೆನೂ ಆಗಲ್ಲ ಅಂದ್ರೆ?”

“ಗಂಗಣ್ಣನೋರೆ, ಒಬ್ಬರಿಗೆ ಒಂದೇ ಅಲ್ವಾ ಆಗದ್ದು?” ಎಂದರು ಪುಟ್ಟಸ್ವಾಮಿ. ಒಳಗೆ ಬಾಗಿಲ ಹಿಂದೆ ನಿಂತಿದ್ದ ಇಂದು ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ಗುರುತು ಮೂಡಿತ್ತು. ಗಂಗಣ್ಣನವರು ಎಲೆಗೆ ಸುಣ್ಣ ಹಚ್ಚಿ ಮಡಿಸುತ್ತ, ಹಾಗೇ ಆಗಲಿ, ಇದು ನಿನ್ನ ತಲೆನೋವು ಎಂದು ಒಪ್ಪಿಗೆ ಕೊಟ್ಟರು.

ಮದುವೆಗೆ ಎರಡು ದಿನ ಮುಂಚೆ ಗೋರಂಟಿ ಹಚ್ಚುವ ಶಾಸ್ತ್ರ. ಪುಟ್ಟಸ್ವಾಮಿಯವರೇ ಸೊಪ್ಪು ಕೊಯ್ದು ಕಳಿಸಿದ್ದರು. ನಾನೇ ರುಬ್ಬಿದೆ, ನಾನೇ ಹಚ್ಚಿದೆ. ಅಂಗೈ, ಬೆರಳ ತುದಿ, ಪಾದದ ಅಂಚು, ಎಲ್ಲೂ ಕಡಿಮೆ ಮಾಡಲಿಲ್ಲ. ಇಷ್ಟು ವರ್ಷ ಕಾದ ಕೈ, ಸರಿಯಾಗಿ ಕೆಂಪಾಗಲಿ ಎಂದು ಎರಡೆರಡು ಸಲ ಮೆತ್ತಿದೆ. ಇಂದು ಕೈ ಚಾಚಿಕೊಂಡು ಮಗುವಿನ ಹಾಗೆ ಕೂತಿದ್ದಳು. ಮೂಗು ತುರಿಸಿದರೆ ಹೇಮಳನ್ನು ಕರೆಯುವಳು. ಬಣ್ಣ ಹತ್ತಿದ ಚಂದವನ್ನು ಬೀದಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರು.

ಧಾರೆಯ ದಿನ ಬೆಳಗ್ಗೆ ಎಣ್ಣೆನೀರಿಗೆಂದು ಎಬ್ಬಿಸಿದರೆ ಅವಳಿಗೆ ಏಳಲಾಗಲಿಲ್ಲ. ಬಚ್ಚಲಿನ ಗೋಡೆ ಹಿಡಿದು ನಿಂತು, “ಅತ್ತಿಗೆ, ಡಿಕಾಕ್ಷನ್ನು,” ಎಂದಳು. ನನಗೆ ಅರ್ಥವಾಗಲಿಲ್ಲ. ಕಾಫಿ ಕೇಳುತ್ತಿದ್ದಾಳೆ ಅಂದುಕೊಂಡು ಅಡುಗೆಮನೆಗೆ ಹೊರಟವಳು ಅರ್ಧದಲ್ಲಿ ನಿಂತುಬಿಟ್ಟೆ. ತಿರುಗಿ ಬಂದು ಅವಳ ಮುಖವನ್ನು ಬೆಳಕಿಗೆ ಹಿಡಿದು ನೋಡಿದೆ. ಕಣ್ಣು ಮಾಗಿದ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ನಮ್ಮತ್ತೆ ಕೋಲೂರಿಕೊಂಡು ಬಂದು ಮಗಳ ಕಣ್ಣು ನೋಡಿದರು, ಆಮೇಲೆ ಅವಳ ಅಂಗೈ ನೋಡಿದರು. ಸಂತೆಯಲ್ಲಿ ಸಿಗುವುದನ್ನೆಲ್ಲ ಮುಟ್ಟಿಸಿದ್ದ ತಾಯಿ, ಮದುವೆಯಾಗದ ಮಗಳಿಗೆ ಮುಟ್ಟಿಸದೆ ಉಳಿಸಿದ್ದು ಇದೊಂದನ್ನೇ. ಆಗದ್ದು ಗೊತ್ತಾಗದೆ ಮದುವೆಯಿಲ್ಲ, ಮದುವೆಯಾಗದೆ ಗೋರಂಟಿಯಿಲ್ಲ. ಇಡೀ ಊರು ಸೇರಿ ಒಂದು ಹೆಣ್ಣನ್ನು ಇವೆರಡರ ನಡುವೆ ಇಷ್ಟು ವರ್ಷ ಸುತ್ತಿಸಿತ್ತು. ನಮ್ಮತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನು ನಕ್ಕೆನೋ ಅತ್ತೆನೋ ನೆನಪಿಲ್ಲ. ಇಂದು ಕನ್ನಡಿ ಕೇಳಿ ತರಿಸಿಕೊಂಡು, ರೆಪ್ಪೆ ಎಳೆದು ಎಳೆದು ನೋಡಿಕೊಂಡು ನಗುತ್ತಿದ್ದಳು.

ಡಾಕ್ಟರು ನಗಲಿಲ್ಲ. ವಯಸ್ಸಾದ ಮೇಲೆ ಒಡೆದರೆ ಜೋರಾಗಿಯೇ ಒಡೆಯುತ್ತದೆ, ಅದೂ ಕೈಕಾಲಿಗೆಲ್ಲ ಹಚ್ಚಿದ್ದೀರಿ ಎಂದು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆಸ್ಪತ್ರೆಗೆ ಸೇರಿಸಿ, ಅಣ್ಣನ ರಕ್ತವನ್ನು ತಂಗಿಗೆ ಕೊಟ್ಟರು. ಧಾರೆ ನಿಂತಿತು, ಅಡುಗೆ ಮಾತ್ರ ನಿಲ್ಲಲಿಲ್ಲ. ಇಂದುವಿಗೆ ಒಡೆಯಿತಂತೆ ಎಂದು ಊರಿಗೆ ಊರೇ ಛತ್ರದಲ್ಲಿ ಕೂತು ಉಂಡು ಎದ್ದಿತು. ಎರಡು ದಿನ ನಾವು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಆಮೇಲೆ ಅವಳು ಎದ್ದು ಕೂತು ಗಂಜಿ ಕುಡಿದಳು, ಮನೆಗೆ ಕರೆತಂದೆವು. ಹಚ್ಚಿದ್ದು ತಾನಾಗಿ ಇಳಿಯಲಿ, ಇನ್ನು ಮೇಲೆ ಗೋರಂಟಿ ಹತ್ತಿದ ಕೈಯೂ ಅವಳ ಹತ್ತಿರ ಬರಬಾರದು ಎಂದು ಡಾಕ್ಟರು ಹೇಳಿ ಕಳಿಸಿದರು.

ಊರಿನ ಸಂತೋಷಕ್ಕೆ ಕಲ್ಲು ಬಿದ್ದದ್ದು ಆಗ. ಗೋರಂಟಿಯ ಬೇಲಿಯೊಳಗಿನ ಮನೆಗೆ ಗೋರಂಟಿ ಆಗದವಳು ಸೊಸೆಯಾಗಿ ಹೋಗುವುದು ಹೇಗೆ? ಬೇಲಿ ಕಿತ್ತರೆ ಊರಿನ ಹೆಣ್ಣುಮಕ್ಕಳ ಕೈಗೆ ಸೊಪ್ಪೆಲ್ಲಿ? ಸುತ್ತಮುತ್ತ ಬೇರೆಲ್ಲೂ ಗೋರಂಟಿ ಇರಲಿಲ್ಲ, ನೆಟ್ಟವರೂ ಇರಲಿಲ್ಲ. ಬೀದಿಯ ಹೆಂಗಸರು ಬಂದು ಇಂದುವಿನ ತಲೆ ಸವರಿ, ಬೆಲ್ಲ ತಿಂದು, ಬೇಲಿಯ ವಿಚಾರ ಎತ್ತಿ ಹೋಗತೊಡಗಿದರು. ಮೆಂತ್ಯದ ಗಂಗಣ್ಣನವರು ನಮ್ಮ ಯಜಮಾನರನ್ನು ಕರೆಸಿ, ನಿನ್ನ ತಂಗಿ ನಿನ್ನ ಮನೆಯಲ್ಲಿ ಸುಖವಾಗಿಯೇ ಇದ್ದಾಳಲ್ಲ ಎಂದರಂತೆ. ನಾನು ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಇಂದು ಹಾಕಿದಳು.

“ಬೇಡ ಅತ್ತಿಗೆ. ಅವರಮ್ಮ ನೆಟ್ಟ ಗಿಡ. ಊರಿನ ಮಕ್ಕಳೆಲ್ಲ ಅದಕ್ಕೇ ಕೈ ಚಾಚ್ತಾರೆ. ನಾಳೆ ನಮ್ಮ ಹೇಮನೂ ಚಾಚ್ಬೇಕು. ಅವರಿಗೆ ಹೇಳಿ ಕಳ್ಸಿ, ನನಗೆ ಆಗದ್ದು ಸಿಕ್ತಲ್ಲ, ಅಷ್ಟೇ ಸಾಕು ಅಂತ.”

“ಸಾಕಾಯ್ತಾ ನಿಂಗೆ?”

ಅವಳು ಗೋಡೆ ಕಡೆ ಹೊರಳಿದಳು. ಬಾಯಿಬಿಟ್ಟು ಏನನ್ನೂ ಬೇಡದ ಹುಡುಗಿ, ಅವಳಿಗೆ ಬೇಕಾದದ್ದು ಎಷ್ಟಿತ್ತೆಂದು ಆ ಬೆನ್ನು ನೋಡಿ ಗೊತ್ತಾಯಿತು. ನಾನು ಹೇಳಿ ಕಳಿಸಲಿಲ್ಲ. ಹೇಳಿ ಕಳಿಸಿದ್ದರೂ ಆಗುತ್ತಿದ್ದದ್ದು ಇಷ್ಟೇ ಎಂದು ಮರುದಿನ ತಿಳಿಯಿತು.

ಮರುದಿನ ಪುಟ್ಟಸ್ವಾಮಿ ಬಂದರು. ಬಂದವರು ನಮ್ಮ ಬಾಗಿಲಿಗೆ ಬರಲಿಲ್ಲ, ಬೀದಿಯ ಆಚೆ ದರ್ಜಿ ಅಂಗಡಿಯ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ನಾನು ಬನ್ನಿ ಒಳಗೆ ಎಂದು ಕರೆದೆ.

“ಬರೋ ಹಾಗಿಲ್ಲ ವಾರಿಜಕ್ಕ,” ಎಂದು ಅಲ್ಲಿಂದಲೇ ಕೈ ಮುಂದೆ ಚಾಚಿ ತೋರಿಸಿದರು. ಮೊಣಕೈವರೆಗೆ ಕೆಂಪು. ಬೇಲಿಯನ್ನು ಯಾರ ಕೈಯಲ್ಲೂ ಕೀಳಿಸದೆ ತಾವೇ ಕಡಿದು, ಬುಡ ಅಗೆದು, ಸೊಪ್ಪನ್ನು ಅಪ್ಪಿಕೊಂಡು ಹೊತ್ತು ಹೊಳೆಯಾಚೆಗೆ ಹಾಕಿ ಬಂದಿದ್ದರು. ಬೆವರಿಗೆ ಸೊಪ್ಪು ಅರೆದು ಯಾವ ಮದುವಣಗಿತ್ತಿಗೂ ಹತ್ತದಷ್ಟು ಬಣ್ಣ ಹತ್ತಿತ್ತು. ಸೋಪು ಹಾಕಿ ಉಜ್ಜಿದ್ದಾರಂತೆ, ಹುಣಿಸೆಹಣ್ಣು ಹಾಕಿ ಉಜ್ಜಿದ್ದಾರಂತೆ, ಹೋಗಿಲ್ಲ.

ಇಂದು ಕಂಬಳಿ ಹೊದ್ದುಕೊಂಡು ಬಂದು ಜಗಲಿಯ ಕಂಬಕ್ಕೆ ಒರಗಿದಳು. ಬೀದಿಯ ಆಚೆಯಿಂದ ಈಚೆಗೆ ಮಾತು. ದರ್ಜಿ ಮಿಷನ್ನಿನ ಮೇಲಿಂದ ಕಾಲು ತೆಗೆದ.

“ಯಾಕೆ ಹೀಗ್ ಮಾಡಿದ್ರಿ? ನಾನು ಬೇಡ ಅನ್ಬೇಕು ಅಂತಿದ್ದೆ,” ಎಂದಳು ಇಂದು.

“ಹೆಸರು ಗೊತ್ತಾಗೋಕ್ಕೆ ಮುಂಚೆನೇ ಒಪ್ಕೊಂಡಿದ್ದೋನು ನಾನು. ಈಗ ಗೊತ್ತಾದ್ಮೇಲೆ ಚೌಕಾಸಿ ಮಾಡ್ಲಾ?”

“ಊರೋರು ಬೈತಾರೆ.”

“ಆಗಲೇ ಬೈದ್ರು. ಮುಗೀತು.” ಪುಟ್ಟಸ್ವಾಮಿ, ದನಿ ತಗ್ಗಿಸಿದರೆ ಈಚೆಗೆ ಕೇಳದು, ಎತ್ತಿದರೆ ಬೀದಿಗೆಲ್ಲ ಕೇಳೀತು ಎಂಬ ಸಂಕಟದಲ್ಲಿ ನಿಂತು, ಕೊನೆಗೆ ಎತ್ತಿದ ದನಿಯಲ್ಲೇ ಕೇಳಿದರು. “ಮೈ ಹೇಗಿದೆ?”

“ಕಣ್ಣು ಬೆಳ್ಳಗಾಗ್ತಾ ಇದೆ. ನಿಮ್ಮ ಕೈ?”

“ಇದು ಬೆಳ್ಳಗಾಗೋಕ್ಕೆ ಇನ್ನೂ ಸ್ವಲ್ಪ ದಿನ ಹಿಡಿಯುತ್ತೆ.”

ಹಾಗೆ ಮದುವೆ ಮುಂದಕ್ಕೆ ಹೋಯಿತು. ಮದುವಣಗಿತ್ತಿಯ ರಕ್ತ ಕೂಡಿಕೊಳ್ಳಬೇಕು, ಮದುವಣಿಗನ ಕೈ ಬಣ್ಣ ಇಳಿಯಬೇಕು. ಅಲ್ಲಿಯವರೆಗೆ ದಿನಾ ಸಂಜೆ ಪುಟ್ಟಸ್ವಾಮಿ ದರ್ಜಿ ಅಂಗಡಿಯ ಮುಂದೆ, ಇಂದು ನಮ್ಮ ಜಗಲಿಯ ಮೇಲೆ. ಮಿತಭಾಷಿಯಾಗಿದ್ದ ಮನುಷ್ಯ ಬೀದಿ ದಾಟುವ ಹಾಗೆ ಮಾತಾಡಲು ಕಲಿತರು. ಮೊದಮೊದಲು ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಹೆಂಗಸರು ಆಮೇಲೆ ತರಕಾರಿ ಹೆಚ್ಚುವ ನೆಪದಲ್ಲಿ ತಮ್ಮ ತಮ್ಮ ಜಗಲಿಗೆ ಬಂದು ಕೂರತೊಡಗಿದರು. ಯಾರೂ ಈಗ ಬೇಲಿಯ ವಿಚಾರ ಎತ್ತುತ್ತಿರಲಿಲ್ಲ. ಪುಟ್ಟಸ್ವಾಮಿಯವರ ಮಾತು ಕೇಳಿಸದಿದ್ದರೆ ಕೊನೆಯ ಮನೆಯವರು ‘ಸ್ವಲ್ಪ ಜೋರಾಗಿ’ ಎನ್ನುತ್ತಿದ್ದರು.

ಧಾರೆಯಲ್ಲಿ ಪುಟ್ಟಸ್ವಾಮಿ ಇಂದುವಿನ ಕೈ ಹಿಡಿದು ‘ಗೋರಂಟಿ ನನ್ನ ಹೊಸ್ತಿಲು ದಾಟದು’ ಎಂದಾಗ, ಇಂದು ತಲೆ ಅಲ್ಲಾಡಿಸಿ ಅಲ್ಲಾಡಿಸಿ ಅತ್ತಳು. ಅವಳಿಗಾಗಿ ಯಾರಾದರೂ ಒಂದನ್ನು ಹೆಸರು ಹಿಡಿದು ಬಿಟ್ಟದ್ದು ಅದೇ ಮೊದಲು. ‘ಎಳ್ಳು’ ಎನ್ನುವ ಸರದಿ ಬಂದಾಗ ಅವಳ ಬಾಯಿಂದ ಮಾತು ಹೊರಡದೆ ಪುರೋಹಿತರು ಮೂರು ಸಲ ಹೇಳಿಸಬೇಕಾಯಿತು.

ಮುಂದಿನ ವರ್ಷ ನಮ್ಮ ಹೇಮಳ ಮದುವೆ. ಗಂಡಿನ ಕಡೆಯವರು ದೂರದ ಪೇಟೆಯವರು. ಇವರ ಊರಲ್ಲಿ ಗೋರಂಟಿ ಇಲ್ಲವಂತೆ ಎಂದು ಕೇಳಿ, ತಾವೇ ಒಂದು ಬಟ್ಟಲ ತುಂಬ ರುಬ್ಬಿ ತಂದಿದ್ದರು. ಪ್ರೀತಿಯಿಂದಲೇ ತಂದಿದ್ದರು, ಬೇಡ ಎನ್ನಲು ನನಗೇ ನಾಲಿಗೆ ಏಳಲಿಲ್ಲ. ನನಗೆ ಇರುವವಳು ಒಬ್ಬಳೇ ಮಗಳು, ಅವಳ ಕೈಯೂ ಕೆಂಪಾಗಲಿ ಎಂಬ ಆಸೆ ನನಗೂ ಇತ್ತು. ಇಂದು ಅದನ್ನು ನನ್ನ ಮುಖದಲ್ಲಿ ಓದಿರಬೇಕು. “ಹಚ್ಕೊಳ್ಳಿ ಬಿಡಿ ಅತ್ತಿಗೆ, ನಾನು ಮದುವೆ ಮುಗಿಯೋವರೆಗೂ ದೂರ ಇರ್ತೀನಿ,” ಎಂದು ಚಾಪೆಯಿಂದ ಎದ್ದಳು.

ಹೇಮ ಎರಡು ಕೈಯನ್ನೂ ಸೆರಗಿನೊಳಗೆ ಸೇರಿಸಿಕೊಂಡಳು. “ನಮ್ಮನೇಲಿ ಗೋರಂಟಿ ಹಚ್ಚಲ್ಲ,” ಎಂದಳು ಬೀಗಿತ್ತಿಗೆ.

“ಯಾಕಮ್ಮ, ನಿನಗೂ ಆಗಲ್ವಾ?”

“ನಮ್ಮ ಇಂದತ್ತೆಗೆ ಆಗಲ್ಲ.”

“ನಿಮ್ಮತ್ತೆಗೆ ಆಗ್ದಿದ್ರೆ ಅವರು ದೂರ ಇರ್ತಾರೆ. ಮದುವೆ ನಿಂದಲ್ವಾ?”

“ಮಂಟಪಕ್ಕೆ ನನ್ನ ಕೈ ಹಿಡ್ಕೊಂಡು ಹೋಗೋರು ಅವರೇ. ದೂರ ಇದ್ದು ಹೇಗೆ ಹಿಡ್ಕೋತಾರೆ?”

ಬೀಗಿತ್ತಿ ನನ್ನ ಮುಖ ನೋಡಿದರು. ಅಷ್ಟು ಹೊತ್ತು ಏಳದಿದ್ದ ನನ್ನ ನಾಲಿಗೆ ಆಗ ಎದ್ದಿತು. ಹೌದಮ್ಮ, ನಮ್ಮ ಇಂದುಗೆ ಆಗಲ್ಲ, ನಮ್ಮನೆಯವರು ಯಾರೂ ಮುಟ್ಟಲ್ಲ ಎಂದೆ. ಹೇಳುವಾಗ ಎದೆ ಎಷ್ಟು ಉಬ್ಬಿತೆಂದರೆ, ಬೇರೆಯವರಿಗೆ ತಮ್ಮ ಒಡವೆಯ ಮಾತಾಡುವಾಗಲೂ ಅಷ್ಟು ಉಬ್ಬುವುದಿಲ್ಲ. ಅವರು ಒಳ್ಳೆಯವರು, ಬಟ್ಟಲಿಗೆ ಮುಚ್ಚಳ ಹಾಕಿ ಹೊರಗೆ ಕಳಿಸಿದರು.

ಎರಡು ದಿನ ಕಳೆದು, ಧಾರೆಯ ಬೆಳಗ್ಗೆ, ವಾಲಗ ಶುರುವಾಯಿತು. ಇಂದು ಹೇಮಳ ಬರಿಗೈಯನ್ನು ತನ್ನ ಎರಡು ಕೈಯಲ್ಲೂ ಹಿಡಿದುಕೊಂಡು, ಅವಸರವೇ ಇಲ್ಲದವಳ ಹಾಗೆ, ಇಡೀ ಛತ್ರಕ್ಕೆ ಕಾಣುವಂತೆ ನಡುದಾರಿಯಲ್ಲೇ ನಡೆಸಿಕೊಂಡು ಹೋದಳು.